ಮೂರು ಅಂಗಗಳ ಹೆಸರು ಹೇಳಿದರೆ ಸಾಕೆ? ಅಮೆರಿಕದ ಮಕ್ಕಳಿಗೆ ಬೇಕಾದ ಪೌರನೀತಿ

ಅಮೆರಿಕದ ಪೌರತ್ವ ಪರೀಕ್ಷೆ ಈಗ ಮೊದಲಿಗಿಂತ ಬಿಗಿಯಾಗಿದೆ. 2025ರ ಅಕ್ಟೋಬರ್ 20ರಿಂದ ಈಚೆಗೆ ಅರ್ಜಿ ಹಾಕಿದವರು 128 ಪ್ರಶ್ನೆಗಳಿಗೆ ಸಿದ್ಧರಾಗಿ ಹೋಗಬೇಕು. ಅಧಿಕಾರಿ ಅದರಲ್ಲಿ 20ರವರೆಗೆ ಕೇಳಬಹುದು; 12 ಸರಿಯಾದರೆ ತೇರ್ಗಡೆ. ಹಿಂದೆ ಪಟ್ಟಿಯಲ್ಲಿದ್ದದ್ದು 100, ಕೇಳುತ್ತಿದ್ದದ್ದು 10, ಸರಿಯಾಗಬೇಕಿದ್ದದ್ದು 6. ಪ್ರಶ್ನೆ, ಉತ್ತರ ಎರಡೂ ಸರ್ಕಾರವೇ ಪ್ರಕಟಿಸಿದ್ದು, ಗುಟ್ಟೇನಿಲ್ಲ. ಗ್ರೀನ್ ಕಾರ್ಡ್ ಸಿಕ್ಕು ಐದು ವರ್ಷ ತುಂಬಿಸಿದ ಕನ್ನಡದ ಅಪ್ಪ ಅಮ್ಮಂದಿರು ಇದನ್ನು ಪಿಯುಸಿ ಪರೀಕ್ಷೆಯಷ್ಟೇ ಶ್ರದ್ಧೆಯಿಂದ ಉರು ಹೊಡೆಯುತ್ತಾರೆ. ತಿದ್ದುಪಡಿ ಎಷ್ಟು? ಇಪ್ಪತ್ತೇಳು. ಸೆನೆಟರ್‌ಗಳು ಎಷ್ಟು? ನೂರು. ಅದೇ ಮನೆಯಲ್ಲಿ, ಅದೇ ದೇಶದಲ್ಲಿ ಹುಟ್ಟಿ ಬೆಳೆಯುತ್ತಿರುವ ಮಗಳಿಗೆ ಈ ಪರೀಕ್ಷೆಯ ಗೊಡವೆಯಿಲ್ಲ. ಅವಳು ಹುಟ್ಟಿನಿಂದಲೇ ಪೌರಳು.

ಹಾಗಾದರೆ ಮಕ್ಕಳಿಗೂ ಇದೇ ಪರೀಕ್ಷೆ ಕೊಟ್ಟರೇನು ಎಂಬ ವಾದ ಹತ್ತು ವರ್ಷಗಳಿಂದ ಜೋರಾಗಿದೆ. 2015ರ ಜನವರಿಯಲ್ಲಿ ಅರಿಜೋನಾ ರಾಜ್ಯ ಮೊದಲ ಹೆಜ್ಜೆ ಇಟ್ಟಿತು: ಹೈಸ್ಕೂಲು ಮುಗಿಸಬೇಕಾದರೆ ವಲಸಿಗರ ಆ 100 ಪ್ರಶ್ನೆಗಳಲ್ಲಿ 60ಕ್ಕೆ ಸರಿಯುತ್ತರ ಕೊಡಬೇಕು. ಬೇರೆ ಹಲವು ರಾಜ್ಯಗಳು ಅದೇ ದಾರಿ ಹಿಡಿದವು. ಕಾರಣ ಇಲ್ಲದೆ ಅಲ್ಲ. 2022ರ ರಾಷ್ಟ್ರೀಯ ಮೌಲ್ಯಮಾಪನದಲ್ಲಿ ಎಂಟನೇ ತರಗತಿಯ ಮಕ್ಕಳಲ್ಲಿ ಪೌರನೀತಿಯಲ್ಲಿ ಪ್ರಾವೀಣ್ಯದ ಮಟ್ಟ ಮುಟ್ಟಿದವರು ಶೇ 22 ಮಾತ್ರ. 1998ರಲ್ಲಿ ಈ ಸರಣಿ ಶುರುವಾದ ಮೇಲೆ ಸರಾಸರಿ ಅಂಕ ಇಳಿದದ್ದು ಅದೇ ಮೊದಲು. ದೊಡ್ಡವರೇನೂ ಮುಂದಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅನೆನ್‌ಬರ್ಗ್ ಕೇಂದ್ರ ಅದೇ ವರ್ಷ ನಡೆಸಿದ ಸಮೀಕ್ಷೆಯಲ್ಲಿ ಸರ್ಕಾರದ ಮೂರೂ ಅಂಗಗಳ ಹೆಸರು ಹೇಳಿದವರು ಶೇ 47, ಒಂದನ್ನೂ ಹೇಳಲಾಗದವರು ಶೇ 25. ಮುಂದಿನ ವರ್ಷಗಳಲ್ಲಿ ಈ ಸಂಖ್ಯೆ ಸುಧಾರಿಸಿತು.

ಕಾಯಿಲೆ ಇರುವುದು ನಿಜ. ಮದ್ದು ಮಾತ್ರ ಸರಿಯಿಲ್ಲ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಒಪ್ಪಿಸಿದ ಹುಡುಗನಿಗೆ ತನ್ನ ಶಾಲೆಯ ಪಠ್ಯವನ್ನು ಯಾರು ನಿರ್ಧರಿಸುತ್ತಾರೆ, ತನ್ನ ಊರಿನ ಪೊಲೀಸ್ ಮುಖ್ಯಸ್ಥನನ್ನು ಯಾರು ನೇಮಿಸುತ್ತಾರೆ, ಅಧ್ಯಕ್ಷರ ಆದೇಶವನ್ನು ಯಾರು ಯಾವ ಹಂತದಲ್ಲಿ ತಡೆಯಬಹುದು ಎಂಬುದು ತಿಳಿಯದಿದ್ದರೆ ಆ ಮೂರು ಹೆಸರು ಕಟ್ಟಿಕೊಂಡು ಏನು ಮಾಡಬೇಕು? ಮಕ್ಕಳು ಮುಖ್ಯವಾಗಿ ಕಲಿಯಬೇಕಾದದ್ದು ಇದು: ಈ ನಿರ್ಧಾರ ಯಾರದು, ಆ ಅಧಿಕಾರ ಅವರಿಗೆ ಎಲ್ಲಿಂದ ಬಂತು, ಒಪ್ಪಿಗೆಯಾಗದಿದ್ದರೆ ಯಾವ ಬಾಗಿಲು ತಟ್ಟಬೇಕು.

ಒಂದು ಉದಾಹರಣೆ ನಮಗೆ ಹತ್ತಿರದ್ದೇ ಇದೆ. ಡಾ. ವಿವೇಕ್ ಮೂರ್ತಿಯವರ ಕುಟುಂಬ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯದು. 2013ರ ನವೆಂಬರ್‌ನಲ್ಲಿ ಅಧ್ಯಕ್ಷ ಒಬಾಮ ಅವರನ್ನು ಸರ್ಜನ್ ಜನರಲ್ ಹುದ್ದೆಗೆ, ಅಂದರೆ ಸಾರ್ವಜನಿಕ ಆರೋಗ್ಯದ ವಿಷಯದಲ್ಲಿ ಸರ್ಕಾರದ ಮುಖ್ಯ ವಕ್ತಾರನ ಸ್ಥಾನಕ್ಕೆ, ಹೆಸರಿಸಿದರು. ಪಠ್ಯಪುಸ್ತಕದ ಪ್ರಕಾರ ಮುಂದಿನದು ಒಂದೇ ಸಾಲು: ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಿಗೆ ಕೊಡುತ್ತದೆ. ಆ ಒಂದು ಸಾಲಿಗೆ ಹದಿಮೂರು ತಿಂಗಳು ಹಿಡಿಯಿತು. ಬಂದೂಕು ಹಿಂಸೆ ಆರೋಗ್ಯದ ವಿಷಯವೂ ಹೌದು ಎಂಬರ್ಥದ ಮಾತನ್ನು ಮೂರ್ತಿ 2012ರಲ್ಲಿ ಟ್ವೀಟ್ ಮಾಡಿದ್ದರು. ಬಂದೂಕು ಹಕ್ಕಿನ ಪರವಾದ ಪ್ರಬಲ ಸಂಘಟನೆ ಎನ್‌ಆರ್‌ಎ ತಿರುಗಿಬಿತ್ತು. ಆಗ ಸೆನೆಟ್‌ನಲ್ಲಿ ಬಹುಮತವಿದ್ದದ್ದು ಒಬಾಮ ಅವರ ಡೆಮಾಕ್ರಟಿಕ್ ಪಕ್ಷಕ್ಕೇ. ಆದರೂ ಬಂದೂಕುಪ್ರಿಯ ರಾಜ್ಯಗಳಲ್ಲಿ ಚುನಾವಣೆ ಎದುರಿಸಬೇಕಿದ್ದ ಆ ಪಕ್ಷದ ಕೆಲವು ಸೆನೆಟರ್‌ಗಳು ಹಿಂದೆಮುಂದೆ ನೋಡಿದರು. ಕಡತ ಅಲ್ಲೇ ಕೂತಿತು. 2014ರ ನವೆಂಬರ್ ಚುನಾವಣೆಯಲ್ಲಿ ಪಕ್ಷ ಸೆನೆಟ್ ಕಳೆದುಕೊಂಡಿತು. ಜನವರಿಯಲ್ಲಿ ಹೊಸ ಸೆನೆಟ್ ಸೇರುವುದರೊಳಗೆ, ಡಿಸೆಂಬರ್ 15ರಂದು ಮತಕ್ಕೆ ಹಾಕಿದರು. 51 ಪರ, 43 ವಿರೋಧ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಿಂದಿನ ಪದ್ಧತಿಯಂತೆ ಚರ್ಚೆ ಮುಗಿಸಿ ಮತಕ್ಕೆ ಹಾಕುವುದಕ್ಕೇ 60 ಸೆನೆಟರ್‌ಗಳು ಒಪ್ಪಬೇಕಿತ್ತು. ಮೂರ್ತಿಯವರ ಹೆಸರು ಸೆನೆಟ್‌ಗೆ ಹೋದ ಅದೇ 2013ರ ನವೆಂಬರ್‌ನಲ್ಲಿ ಡೆಮಾಕ್ರಟರು ಸುಪ್ರೀಂ ಕೋರ್ಟ್ ಬಿಟ್ಟು ಉಳಿದ ನೇಮಕಗಳಿಗೆ ಸರಳ ಬಹುಮತ ಸಾಕು ಎಂದು ನಿಯಮ ಬದಲಿಸಿಕೊಂಡಿದ್ದರು. ಆ 60ರ ಲೆಕ್ಕ ಸಂವಿಧಾನದಲ್ಲಿ ಎಲ್ಲೂ ಇಲ್ಲ. ಅದು ಸೆನೆಟ್ ತನಗೆ ತಾನೇ ಮಾಡಿಕೊಂಡದ್ದು, ತಾನೇ ಬದಲಿಸಿಕೊಳ್ಳಬಹುದಾದದ್ದು. 2017ರಲ್ಲಿ ಟ್ರಂಪ್ ಆಡಳಿತ ಮೂರ್ತಿಯವರನ್ನು ಅವಧಿಗೆ ಮುಂಚೆಯೇ ಕೆಳಗಿಳಿಸಿತು, 2021ರಲ್ಲಿ ಬೈಡನ್ ಮತ್ತೆ ಅದೇ ಹುದ್ದೆಗೆ ಕರೆತಂದರು. ಕಾರ್ಯಾಂಗ, ಶಾಸಕಾಂಗ, ಒತ್ತಡ ಗುಂಪು, ಚುನಾವಣೆಯ ಭಯ, ಸದನದ ಆಂತರಿಕ ನಿಯಮ ಎಲ್ಲವೂ ಒಂದೇ ನೇಮಕದಲ್ಲಿ ಸಿಗುತ್ತವೆ. 128 ಪ್ರಶ್ನೆಗಳನ್ನು ಓದಿಕೊಂಡವನಿಗೆ ಈ ಕತೆ ಏಕೆ ಹಾಗೆ ಸಾಗಿತೆಂದು ಅರ್ಥವಾಗಲಾರದು. ಈ ಕತೆಯನ್ನು ಬಿಡಿಸಿ ಹೇಳಬಲ್ಲವನಿಗೆ ಆ ಪ್ರಶ್ನೆಗಳು ಕಷ್ಟವಾಗಲಾರವು.

ಮಕ್ಕಳಿಗೆ ತೀರ ಹತ್ತಿರವಿದ್ದೂ ತೀರ ಕಡಿಮೆ ತಿಳಿದಿರುವುದು ಅವರ ಶಾಲೆಯ ಆಡಳಿತವೇ. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಎಂಬ ಮಾತೇ ಇಲ್ಲ. ಕೇಂದ್ರಕ್ಕೆ ಕೊಡದ ಅಧಿಕಾರ ರಾಜ್ಯಗಳಿಗೆ, ಜನರಿಗೆ ಸೇರಿದ್ದು ಎನ್ನುತ್ತದೆ ಹತ್ತನೇ ತಿದ್ದುಪಡಿ. ಆದ್ದರಿಂದ ಶಾಲೆ ರಾಜ್ಯದ ವಿಷಯ. ರಾಜ್ಯ ಅದನ್ನು ಜಿಲ್ಲೆಗಳಿಗೆ ಹಂಚಿದೆ. ದೇಶದಲ್ಲಿ ಅಂಥ ಶಾಲಾ ಜಿಲ್ಲೆಗಳು ಸುಮಾರು 13,000. ಹೆಚ್ಚಿನವಕ್ಕೆ ಚುನಾಯಿತ ಮಂಡಳಿಯಿದೆ, ಸ್ಥಳೀಯ ಆಸ್ತಿ ತೆರಿಗೆ ಆದಾಯದ ದೊಡ್ಡ ಮೂಲಗಳಲ್ಲೊಂದು. ವಾಷಿಂಗ್ಟನ್‌ನಿಂದ ಬರುವುದು ಒಟ್ಟು ಖರ್ಚಿನ ಹತ್ತನೇ ಒಂದು ಭಾಗದ ಆಸುಪಾಸು, ಮೇಲಾಗಿ ಪಠ್ಯ ಹೀಗೇ ಇರಬೇಕೆಂದು ಕೇಂದ್ರ ಹೇಳಕೂಡದು ಎಂಬ ಕಾನೂನೇ ಇದೆ. ಶಿಕ್ಷಣ 1976ರಿಂದ ಸಮವರ್ತಿ ಪಟ್ಟಿಯಲ್ಲಿದ್ದು, ಬೀದರಿನಿಂದ ಚಾಮರಾಜನಗರದವರೆಗೆ ಸರ್ಕಾರಿ ಶಾಲೆಗಳಲ್ಲಿ ಒಂದೇ ಸಮಾಜ ವಿಜ್ಞಾನ ಪುಸ್ತಕ ಓದುವ ನಮಗೆ ಇದು ವಿಚಿತ್ರ ಅನ್ನಿಸಬಹುದು. 2022ರಲ್ಲಿ ಕರ್ನಾಟಕದ ಪಠ್ಯಪುಸ್ತಕ ಪರಿಷ್ಕರಣೆಯ ಗಲಾಟೆ ನಡೆದಾಗ ಎಲ್ಲರ ಬೆರಳೂ ಒಂದೇ ಇಲಾಖೆಯ ಕಡೆ ಇತ್ತು. ಅಮೆರಿಕದಲ್ಲಿ ಅಂಥ ಜಗಳ ಒಂದೊಂದು ಊರಿನಲ್ಲೂ ಪ್ರತ್ಯೇಕವಾಗಿ ನಡೆಯುತ್ತದೆ. ಸಂಜೆ ಏಳಕ್ಕೆ ಶಾಲಾ ಮಂಡಳಿಯ ಸಭೆಗೆ ಹೋಗಿ ಎರಡು ಮೂರು ನಿಮಿಷ ಮಾತನಾಡುವ ಅವಕಾಶವನ್ನು ಯಾರು ಬಳಸಿಕೊಳ್ಳುತ್ತಾರೋ ಅವರ ಮಾತು ನಡೆಯುತ್ತದೆ. ಅಧ್ಯಕ್ಷರ ಚುನಾವಣೆಯ ಬಗ್ಗೆ ತಾಸುಗಟ್ಟಲೆ ವಾದಿಸುವ ಎಷ್ಟೋ ಮಂದಿಗೆ ತಮ್ಮ ಮಂಡಳಿಯ ಒಬ್ಬ ಸದಸ್ಯರ ಹೆಸರೂ ಗೊತ್ತಿರುವುದಿಲ್ಲ. ಅಲ್ಲಿ ನೆಲೆಸಿದ ನಮ್ಮವರೂ ಇದಕ್ಕೆ ಹೊರತಲ್ಲ.

ಪೌರನೀತಿ ಕಲಿಯುವುದು ಮಗುವಿನ ಹಕ್ಕೇ? ಈ ಪ್ರಶ್ನೆ ಒಮ್ಮೆ ಕೋರ್ಟ್ ಕಟ್ಟೆಯನ್ನೂ ಹತ್ತಿತು. ರೋಡ್ ಐಲ್ಯಾಂಡ್ ರಾಜ್ಯದ ವಿದ್ಯಾರ್ಥಿಗಳು ಮತ್ತು ಹೆತ್ತವರು 2018ರಲ್ಲಿ ಕೇಂದ್ರ ನ್ಯಾಯಾಲಯಕ್ಕೆ ಹೋಗಿ, ಮತ ಚಲಾಯಿಸಲು, ಜ್ಯೂರಿಯಲ್ಲಿ ಕೂರಲು ಬೇಕಾದ ಶಿಕ್ಷಣವನ್ನು ರಾಜ್ಯ ಕೊಡುತ್ತಿಲ್ಲ ಎಂದು ದೂರಿದರು. ಅವರ ಕಳಕಳಿ ಸರಿ ಎಂದು ನ್ಯಾಯಾಧೀಶ ವಿಲಿಯಂ ಸ್ಮಿತ್ 2020ರಲ್ಲಿ ಮೆಚ್ಚುಗೆಯ ಮಾತು ಬರೆದೇ ಅರ್ಜಿ ವಜಾ ಮಾಡಿದರು. ಶಿಕ್ಷಣ ಸಂವಿಧಾನದತ್ತ ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿಬಿಟ್ಟಿತ್ತು. ಕೆಳ ಕೋರ್ಟಿನ ಕೈ ಕಟ್ಟಿತ್ತು. ಮೇಲ್ಮನವಿಯೂ 2022ರಲ್ಲಿ ಬಿದ್ದುಹೋಯಿತು. ಕೊನೆಗೆ ರಾಜ್ಯದ ಶಿಕ್ಷಣ ಇಲಾಖೆಯೊಂದಿಗೆ ರಾಜಿಯಾಗಿ ಪೌರ ಶಿಕ್ಷಣದ ಕಾರ್ಯಪಡೆಯೊಂದು ಹುಟ್ಟಿತು. ಕೇಸು ಸೋತ ಆ ಮಕ್ಕಳು ನಾಲ್ಕು ವರ್ಷಗಳಲ್ಲಿ ಕಲಿತಷ್ಟು ಪೌರನೀತಿಯನ್ನು ಗೆದ್ದ ಪಕ್ಷದ ವಕೀಲರು ಬಿಟ್ಟರೆ ಇನ್ಯಾರೂ ಕಲಿತಿರಲಿಕ್ಕಿಲ್ಲ.

ಹಕ್ಕಿನ ಪಾಠಕ್ಕೆ ತರಗತಿಯ ಗೋಡೆಯ ಮೇಲಿನ ಧ್ವಜವೇ ಸಾಕು. ಬಹುತೇಕ ಶಾಲೆಗಳಲ್ಲಿ ದಿನ ಶುರುವಾಗುವುದು ಧ್ವಜಕ್ಕೆ ನಿಷ್ಠೆಯ ಪ್ರತಿಜ್ಞೆಯಿಂದ. ಅದನ್ನು ಹೇಳದೆ ಸುಮ್ಮನಿರುವ ಹಕ್ಕು ತನಗಿದೆ ಎಂಬುದು ಎಷ್ಟು ಮಕ್ಕಳಿಗೆ ಗೊತ್ತು? 1940ರಲ್ಲಿ ಸುಪ್ರೀಂ ಕೋರ್ಟ್ 8–1 ಬಹುಮತದಲ್ಲಿ, ಶಾಲೆ ಮಕ್ಕಳಿಗೆ ಧ್ವಜವಂದನೆ ಕಡ್ಡಾಯ ಮಾಡಬಹುದು ಎಂದಿತ್ತು. ವಂದಿಸಲು ಒಲ್ಲೆನೆಂದವರು ಯೆಹೋವನ ಸಾಕ್ಷಿಗಳ ಪಂಥದವರು. ತೀರ್ಪಿನ ಬೆನ್ನಿಗೇ ದೇಶದ ಹಲವೆಡೆ ಅವರ ಮೇಲೆ ದಾಳಿಗಳಾದವು. ಮೂರೇ ವರ್ಷ. 1943ರ ಜೂನ್ 14ರಂದು, ಅದೂ ಧ್ವಜ ದಿನದಂದೇ, ಎರಡನೇ ಮಹಾಯುದ್ಧ ನಡೆಯುತ್ತಿರುವಾಗಲೇ, ವೆಸ್ಟ್ ವರ್ಜೀನಿಯಾದ ಬಾರ್ನೆಟ್ ಪ್ರಕರಣದಲ್ಲಿ ಅದೇ ಕೋರ್ಟ್ 6–3ರಲ್ಲಿ ಹಿಂದಿನ ಮಾತನ್ನು ತಿರುಗಿಸಿ, ಮಗುವಿನ ಬಾಯಿಂದ ನಿಷ್ಠೆಯ ಮಾತನ್ನು ಬಲವಂತವಾಗಿ ಹೇಳಿಸುವಂತಿಲ್ಲ ಎಂದಿತು. ಇದೇ ಪಂಥದ ಮಕ್ಕಳು ಕೇರಳದಲ್ಲಿ ರಾಷ್ಟ್ರಗೀತೆ ಹಾಡದೆ ನಿಂತಿದ್ದಕ್ಕೆ ಶಾಲೆಯಿಂದ ಹೊರಬಿದ್ದಾಗ ನಮ್ಮ ಸುಪ್ರೀಂ ಕೋರ್ಟ್ 1986ರಲ್ಲಿ ಅವರ ಪರ ನಿಂತದ್ದು ಓದುಗರಿಗೆ ನೆನಪಿರಬಹುದು.

ಮುಂದೆ 1965ರಲ್ಲಿ ವಿಯೆಟ್ನಾಂ ಯುದ್ಧ ವಿರೋಧಿಸಿ ಐಯೊವಾದ ಡೆ ಮೊಯ್ನ್‌ನಲ್ಲಿ ಹದಿಮೂರರ ಮೇರಿ ಬೆತ್ ಟಿಂಕರ್ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋಗಿ ಅಮಾನತಾದಳು, 1969ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಳು. ಇಂಥ ತೀರ್ಪುಗಳನ್ನು ಇಸವಿಗಳ ಪಟ್ಟಿಯಾಗಿ ಕಲಿಸಿದರೆ ಪ್ರಯೋಜನವಿಲ್ಲ. 1940ರ ತೀರ್ಪು ಮತ್ತು 1943ರ ತೀರ್ಪು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿಸಬೇಕು. ಎರಡರಲ್ಲೂ ವಿದ್ವಾಂಸರೇ ಇದ್ದರು. ಕೋರ್ಟು ಹೇಳಿದ್ದು ಕಾನೂನು, ನಿಜ. ಆದರೆ ಕೋರ್ಟು ತಾನೇ ತನ್ನ ಮಾತನ್ನು ಅಳಿಸಿ ಬರೆಯಬಲ್ಲದು, ಆ ಬರವಣಿಗೆ ಯಾವ ಕಡೆಗೂ ಹೋಗಬಹುದು ಎಂಬುದು ಹದಿನಾರರ ಹುಡುಗಿಗೆ ತಿಳಿದಿರಲಿ.

ಇನ್ನು ಪೌರತ್ವ. ಪೌರ ಯಾರು ಎಂಬ ಪ್ರಶ್ನೆಯೇ 2025ರಲ್ಲಿ ಮತ್ತೆ ಕೋರ್ಟಿನ ಮೆಟ್ಟಿಲೇರಿದ್ದರೂ, ಅಲ್ಲಿನ ಪಾಠಗಳಲ್ಲಿ ಭಾರತೀಯರ ಚರಿತ್ರೆಗೆ ಸಿಗುವ ಜಾಗ ಅತ್ಯಲ್ಪ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ತಿಂಡ್ ‘ಬಿಳಿಯ ವ್ಯಕ್ತಿ’ ಅಲ್ಲ, ಹಾಗಾಗಿ ಪೌರನಾಗಲು ಅರ್ಹನಲ್ಲ ಎಂದು ಸುಪ್ರೀಂ ಕೋರ್ಟ್ 1923ರಲ್ಲಿ ಒಮ್ಮತದಿಂದ ತೀರ್ಪು ಕೊಟ್ಟಿತು. ಅದರ ಮೇಲೆ, ಮೊದಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರು ಅದನ್ನು ಕಳೆದುಕೊಂಡರು. 1946ರ ಕಾನೂನು ಬಂದ ಮೇಲಷ್ಟೇ ಭಾರತೀಯರಿಗೆ ಪೌರತ್ವದ ದಾರಿ ತೆರೆಯಿತು, ಅದೂ ವರ್ಷಕ್ಕೆ 100 ವಲಸಿಗರ ಮಿತಿಯೊಂದಿಗೆ. 1965ರ ವಲಸೆ ಕಾನೂನು ಇಲ್ಲದಿದ್ದರೆ ಈಗಿನ ಕನ್ನಡ ಕೂಟಗಳೇ ಇರುತ್ತಿರಲಿಲ್ಲ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2023ರಲ್ಲಿ ಮಿಷಿಗನ್‌ನಿಂದ ಪ್ರತಿನಿಧಿ ಸಭೆಗೆ ಹೋದದ್ದು ಆ ಬಾಗಿಲಿನ ಮೂಲಕವೇ. ಏಳು ವರ್ಷ ಪೌರರಾಗಿದ್ದರೆ ಪ್ರತಿನಿಧಿ ಸಭೆಗೆ ನಿಲ್ಲಬಹುದು. ಅಧ್ಯಕ್ಷರಾಗಲು ಮಾತ್ರ ಹುಟ್ಟಿನಿಂದಲೇ ಪೌರರಾಗಿರಬೇಕು.

ಹುಟ್ಟಿನ ಪೌರತ್ವದ ಬುಡ ಇರುವುದು 1868ರ ಹದಿನಾಲ್ಕನೇ ತಿದ್ದುಪಡಿಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚೀನೀ ತಂದೆತಾಯಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಪೌರನೇ ಎಂದು 1898ರಲ್ಲಿ ತೀರ್ಮಾನವಾಗಿತ್ತು. 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಟ್ರಂಪ್ ಹೊರಡಿಸಿದ ಆದೇಶ ಅದನ್ನು ಕೆದಕಿತು. ತಾಯಿ ಅಕ್ರಮವಾಗಿ ಅಥವಾ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆ ಪೌರನಾಗಲೀ ಗ್ರೀನ್ ಕಾರ್ಡ್‌ದಾರನಾಗಲೀ ಅಲ್ಲದಿದ್ದರೆ ಮಗುವಿಗೆ ಹುಟ್ಟಿನ ಪೌರತ್ವವಿಲ್ಲ ಎಂಬುದು ಅದರ ಸಾರ. ಎಚ್‌-1ಬಿ ವೀಸಾದ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ದಂಪತಿಗಳು ನೇರವಾಗಿ ಅದರ ವ್ಯಾಪ್ತಿಗೆ ಬಂದರು. ಮುಂದಿನದನ್ನು ಗಮನಿಸಿ. ಮೂರೇ ದಿನಗಳಲ್ಲಿ ಸಿಯಾಟಲ್‌ನ ಕೇಂದ್ರ ನ್ಯಾಯಾಧೀಶರೊಬ್ಬರು, ರೇಗನ್ ಕಾಲದಲ್ಲಿ ನೇಮಕವಾದವರು, ಆದೇಶಕ್ಕೆ ತಡೆ ಕೊಟ್ಟರು. ಜೂನ್ 27ರಂದು ಸುಪ್ರೀಂ ಕೋರ್ಟ್ 6–3ರಲ್ಲಿ, ಜಿಲ್ಲಾ ನ್ಯಾಯಾಧೀಶರು ದೇಶಕ್ಕೆಲ್ಲ ಅನ್ವಯಿಸುವ ತಡೆ ಕೊಡುವ ರೂಢಿಗೆ ಕಡಿವಾಣ ಹಾಕಿತು. ಆದೇಶ ಸಂವಿಧಾನಬದ್ಧವೇ ಎಂಬ ಪ್ರಶ್ನೆಯನ್ನು ಮುಟ್ಟಲೇ ಇಲ್ಲ. ವಕೀಲರು ದಾರಿ ಬದಲಿಸಿದರು: ಬಾಧಿತ ಮಕ್ಕಳೆಲ್ಲರ ಪರವಾಗಿ ಒಂದೇ ಸಾಮೂಹಿಕ ದಾವೆ. ಜುಲೈ 10ರಂದು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮತ್ತೆ ತಡೆ ಸಿಕ್ಕಿತು. ಮೂಲ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ ಕೈಗೆತ್ತಿಕೊಂಡದ್ದು ಡಿಸೆಂಬರ್‌ನಲ್ಲಿ.

ಆ ಜೂನ್ ತೀರ್ಪು ಬಂದ ದಿನ ‘ಟ್ರಂಪ್ ಗೆದ್ದರು’, ‘ಹುಟ್ಟಿನ ಪೌರತ್ವ ಹೋಯಿತು’ ಎಂಬ ಸಂದೇಶಗಳು ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಹರಿದಾಡಿದವು. ಆದೇಶ ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂಬ ಪ್ರಶ್ನೆ ಬೇರೆ, ಅದನ್ನು ಯಾವ ಕೋರ್ಟು ಎಷ್ಟು ಜನರ ಮಟ್ಟಿಗೆ ತಡೆಯಬಹುದು ಎಂಬ ಪ್ರಶ್ನೆ ಬೇರೆ ಎಂಬ ಒಂದು ವ್ಯತ್ಯಾಸ ತಿಳಿದಿದ್ದರೆ ಆ ದಿನದ ಆತಂಕ ಅರ್ಧ ಕಡಿಮೆಯಾಗುತ್ತಿತ್ತು. ಇಂಥದ್ದನ್ನು ಹೈಸ್ಕೂಲಿನಲ್ಲಿ ಕಲಿಸಲಾಗದು ಎನ್ನುವವರನ್ನು ನಾನು ನಂಬುವುದಿಲ್ಲ. ಕ್ರಿಕೆಟ್‌ನ ಡಕ್‌ವರ್ತ್–ಲೂಯಿಸ್ ಲೆಕ್ಕ ಬಿಡಿಸುವ ವಯಸ್ಸಿನವರಿಗೆ ಇದು ಭಾರವಲ್ಲ.

ಪರೀಕ್ಷೆಯ ಉತ್ತರಗಳೇ ಎಷ್ಟು ರಾಜಕೀಯದ್ದು ಎಂಬುದಕ್ಕೆ ಒಂದು ಸಣ್ಣ ಸಾಕ್ಷಿ. ಸೆನೆಟರ್ ಯಾರನ್ನು ಪ್ರತಿನಿಧಿಸುತ್ತಾರೆ ಎಂಬ ಪ್ರಶ್ನೆಗೆ 2008ರ, ಅಂದರೆ ಆ 100 ಪ್ರಶ್ನೆಗಳ, ಪಟ್ಟಿಯ ಉತ್ತರ ‘ರಾಜ್ಯದ ಎಲ್ಲ ಜನರನ್ನು’. 2020ರ ಡಿಸೆಂಬರ್‌ನಲ್ಲಿ ಬಂದ ಪಟ್ಟಿಯಲ್ಲಿ ಅದು ‘ರಾಜ್ಯದ ಪೌರರನ್ನು’ ಎಂದಾಯಿತು. ಕೆಲವೇ ತಿಂಗಳಲ್ಲಿ ಬೈಡನ್ ಆಡಳಿತ ಆ ಪರೀಕ್ಷೆಯನ್ನೇ ಹಿಂತೆಗೆಯಿತು. ಆದರೆ ಪ್ರತಿನಿಧಿ ಸಭೆಯ ಸ್ಥಾನ ಹಂಚಿಕೆಗೆ ಸಂವಿಧಾನ ಎಣಿಸುವುದು ‘ವ್ಯಕ್ತಿ’ಗಳನ್ನು. ಎಚ್‌-1ಬಿ ಕುಟುಂಬವೂ ಆ ಎಣಿಕೆಯಲ್ಲಿದೆ, ತೆರಿಗೆಯಲ್ಲಂತೂ ಇದ್ದೇ ಇದೆ. ಒಂದು ಪದದಲ್ಲಿ ಲಕ್ಷಾಂತರ ಜನ ಒಳಗೂ ಹೊರಗೂ ಆಗುತ್ತಾರೆ. ಬಾಯಿಪಾಠದ ಶಿಕ್ಷಣದಲ್ಲಿ ಈ ಬದಲಾವಣೆ ಕಣ್ಣಿಗೇ ಬೀಳದು.

ಹಾಗೆಂದು ಬಾಯಿಪಾಠ ಬೇಡ, ಬರೀ ಚಟುವಟಿಕೆ ಸಾಕು ಎನ್ನುವ ಉಪಾಧ್ಯಾಯರ ಪಕ್ಷಕ್ಕೂ ನಾನು ಸೇರಲಾರೆ. ಸೆನೆಟ್ ಎಂದರೇನೆಂದು ತಿಳಿಯದವನು ಸೆನೆಟರ್‌ಗೆ ಬರೆಯುವ ಪತ್ರದಿಂದ ಏನೂ ಆಗದು. ಅದಿರಲಿ, ಎರಡಕ್ಕೂ ಸಮಯವೆಲ್ಲಿದೆ? 2002ರಲ್ಲಿ ಜಾರಿಗೆ ಬಂದ ಕೇಂದ್ರ ಕಾನೂನು ಓದು ಮತ್ತು ಗಣಿತದ ವಾರ್ಷಿಕ ಪರೀಕ್ಷೆ ಕಡ್ಡಾಯ ಮಾಡಿದಂದಿನಿಂದ ಸಮಾಜ ವಿಜ್ಞಾನದ ಗಂಟೆಗಳು ಕರಗುತ್ತ ಬಂದವು. ವಿಜ್ಞಾನ–ತಂತ್ರಜ್ಞಾನ ಕಲಿಕೆಗೆ ಕೇಂದ್ರ ಒಬ್ಬ ವಿದ್ಯಾರ್ಥಿಗೆ ಸುಮಾರು 50 ಡಾಲರ್ ಖರ್ಚು ಮಾಡಿದರೆ ಪೌರನೀತಿಗೆ 5 ಸೆಂಟ್ ಎಂಬ ಲೆಕ್ಕವನ್ನು 2021ರ ಹೊತ್ತಿಗೆ ತಜ್ಞರು ಮುಂದಿಟ್ಟಿದ್ದರು. ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಸಾಂಡ್ರಾ ಡೇ ಓ’ಕಾನರ್ ನಿವೃತ್ತಿಯ ನಂತರ 2009ರಲ್ಲಿ ‘ಐಸಿವಿಕ್ಸ್’ ಎಂಬ ಸಂಸ್ಥೆ ಕಟ್ಟಿ ಕಂಪ್ಯೂಟರ್ ಆಟಗಳ ಮೂಲಕ ಈ ಪಾಠ ಕಲಿಸಲು ಹೊರಟದ್ದು ಇಂಥ ಖಾಲಿ ಜಾಗದಲ್ಲೇ.

ಇದರ ಮೇಲೆ ಕತೆಯ ಜಗಳ ಬೇರೆ. ಗುಲಾಮಗಿರಿಯಿಂದ ದೇಶದ ಚರಿತ್ರೆಯನ್ನು ಓದುವ, ನ್ಯೂಯಾರ್ಕ್ ಟೈಮ್ಸ್‌ನ 2019ರ ‘1619’ ಯೋಜನೆ ಒಂದು ಕಡೆ. ಅದಕ್ಕೆ ಎದುರಾಗಿ ದೇಶಭಕ್ತಿಯ ಪಾಠಕ್ಕೆಂದು ಟ್ರಂಪ್ ರಚಿಸಿದ, ಬೈಡನ್ ಬಂದ ದಿನವೇ ರದ್ದು ಮಾಡಿದ, 2025ರ ಜನವರಿಯಲ್ಲಿ ಟ್ರಂಪ್ ಮತ್ತೆ ಜೀವ ಕೊಟ್ಟ ‘1776’ ಆಯೋಗ ಇನ್ನೊಂದು ಕಡೆ. ಸ್ವಾತಂತ್ರ್ಯದ 250ನೇ ವರ್ಷವಾದ 2026 ಬಂದದ್ದು ಈ ಬಿಸಿಯಲ್ಲಿ. ಮಕ್ಕಳನ್ನು ಸಂವಿಧಾನದ ಆರಾಧಕರನ್ನಾಗಿಯೋ ಆಪಾದಕರನ್ನಾಗಿಯೋ ಮಾಡುವ ಎರಡೂ ಉತ್ಸಾಹಗಳು ಒಂದು ವಿಷಯದಲ್ಲಿ ಒಂದೇ: ಎರಡಕ್ಕೂ ಸಿದ್ಧ ಉತ್ತರ ಬೇಕು.

ಕಲಿತದ್ದನ್ನು ಬಳಸಿ ನೋಡಬಹುದೇ ಎಂಬಲ್ಲಿ ರಾಜ್ಯಗಳು ಎರಡು ದಿಕ್ಕಿಗೆ ಹೋಗಿವೆ. ಮ್ಯಾಸಚೂಸೆಟ್ಸ್ 2018ರ ಕಾನೂನಿನಲ್ಲಿ ಎಂಟನೇ ತರಗತಿಯಲ್ಲೊಮ್ಮೆ, ಹೈಸ್ಕೂಲಿನಲ್ಲೊಮ್ಮೆ ಮಕ್ಕಳೇ ಮುಂದಾಗಿ ನಡೆಸುವ ಪೌರ ಯೋಜನೆಗೆ ಅವಕಾಶ ಇರಲೇಬೇಕು ಎಂದಿತು. ಸಹಿ ಹಾಕಿದವರು ರಿಪಬ್ಲಿಕನ್ ಗವರ್ನರ್. ಟೆಕ್ಸಸ್ 2021ರಲ್ಲಿ, ಶಾಸಕರ ಮೇಲೆ ಒತ್ತಡ ತರುವ ಕೆಲಸವನ್ನು ಪಾಠದ ಭಾಗ ಮಾಡಿ ಅಂಕ ಕೊಡಕೂಡದು ಎಂದಿತು. ಉಪಾಧ್ಯಾಯರು ತಮ್ಮ ಪಕ್ಷದ ಕೆಲಸಕ್ಕೆ ಮಕ್ಕಳನ್ನು ಬಳಸಿಯಾರು ಎಂಬ ಭಯ ಪೂರ್ತಿ ಹುರುಳಿಲ್ಲದ್ದಲ್ಲ. ಆದರೆ ಅದಕ್ಕೆ ಪರಿಹಾರ ಮಕ್ಕಳೇ ವಿಷಯ ಆರಿಸಿಕೊಳ್ಳುವುದು. ಬಸ್ ನಿಲ್ದಾಣಕ್ಕೆ ದೀಪ ಬೇಕೆಂದು ಪುರಸಭೆಗೆ ಬರೆಯುವುದು ಪಕ್ಷ ರಾಜಕೀಯವಲ್ಲ.

ತರಗತಿಯಲ್ಲಿ ಕೂತವರೆಲ್ಲ ಪೌರರೂ ಅಲ್ಲ. ದಾಖಲೆಯಿಲ್ಲದ ಮಕ್ಕಳಿಗೂ ಶಾಲೆಯ ಬಾಗಿಲು ಮುಚ್ಚಕೂಡದು ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ಟೆಕ್ಸಸ್‌ಗೆ ಹೇಳಿತು. ಎಚ್‌-1ಬಿ ನೌಕರರ ಅವಲಂಬಿತರಿಗೆ ಸಿಗುವ ಎಚ್‌-4 ವೀಸಾದಲ್ಲಿ ಎರಡನೇ ವಯಸ್ಸಿಗೆ ಹೋಗಿ ಅಲ್ಲೇ ಬೆಳೆದ ನಮ್ಮ ಮಕ್ಕಳು ದಿನವೂ ಪ್ರತಿಜ್ಞೆ ಹೇಳಿ, ಪೌರನೀತಿಯಲ್ಲಿ ಒಳ್ಳೆಯ ಅಂಕ ತೆಗೆದು, 21 ತುಂಬಿದ ದಿನ ಅವಲಂಬಿತರ ಪಟ್ಟಿಯಿಂದ ಹೊರಬೀಳುತ್ತಾರೆ. ಬೇರೆ ವೀಸಾ ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಅವರಿಗೆ ಯಾವ ಪೌರನೀತಿ? ಕೆಲವು ಊರುಗಳು ತಮ್ಮ ಮಟ್ಟದಲ್ಲಿ ಉತ್ತರ ಹುಡುಕಿವೆ. ಮೇರಿಲ್ಯಾಂಡ್‌ನ ಟಕೋಮಾ ಪಾರ್ಕ್‌ನಲ್ಲಿ ಊರ ಚುನಾವಣೆಗೆ ಹದಿನಾರರವರೂ ಪೌರರಲ್ಲದವರೂ ಮತ ಹಾಕಬಹುದು. ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ಮತ್ತು ಬರ್ಕ್ಲಿಯಲ್ಲಿ 2024ರ ನವೆಂಬರ್‌ನಲ್ಲಿ ಹದಿನಾರು, ಹದಿನೇಳರ ಹುಡುಗರು ಮೊದಲ ಬಾರಿಗೆ ಶಾಲಾ ಮಂಡಳಿಗೆ ಮತ ಹಾಕಿದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, 2016ರಲ್ಲಿ ಮತದಾರರೇ ಒಪ್ಪಿದ ನಿಯಮದಂತೆ, ಮಗು ಅಲ್ಲಿ ಓದುವ ವಯಸ್ಸಿನದಾಗಿದ್ದರೆ ಪೌರರಲ್ಲದ ತಂದೆತಾಯಿಯೂ ಶಾಲಾ ಮಂಡಳಿಯ ಚುನಾವಣೆಯಲ್ಲಿ ಮತ ಹಾಕಬಹುದು. ಅದಕ್ಕೆ ಹೆಸರು ನೋಂದಾಯಿಸಿಕೊಂಡವರು ಮಾತ್ರ ಬಹಳ ಕಡಿಮೆ. ಕೊಟ್ಟ ವಿವರಗಳು ವಲಸೆ ಅಧಿಕಾರಿಗಳ ಕೈಗೆ ಸಿಗಬಹುದು, ಮೊದಲು ವಕೀಲರನ್ನು ಕೇಳಿಕೊಳ್ಳಿ ಎಂಬ ಎಚ್ಚರಿಕೆಯನ್ನು ನಗರದ ಚುನಾವಣಾ ಇಲಾಖೆಯೇ ಅವರಿಗೆ ಕೊಡುತ್ತದೆ.